ಪಾನಕದ ಗಾಡಿಯೂ ದ್ವೀಪದ ಕಾಕ್‌ಟೇಲೂ

ಅಂತರಘಟ್ಟೆ ಜಾತ್ರೆ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಪಾನಕದ ಗಾಡಿ. ಅಜ್ಜಂಪುರ ತಾಲ್ಲೂಕಿನ ಈ ಊರಿಗೆ ಚಳಿ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಸುತ್ತಲ ಹಳ್ಳಿಗಳಿಂದ ಸಿಂಗರಿಸಿದ ಎತ್ತಿನ ಗಾಡಿಗಳು ಸಾಲುಗಟ್ಟುತ್ತವೆ. ಅಂತರಘಟ್ಟಮ್ಮನಿಗೆ ಬೆಲ್ಲದ ಪಾನಕದ ಸೇವೆ.

ಜಾತ್ರೆಗೆಂದು ಬಂದ ನೆಂಟರಿಗೆ ಮನೆಯಲ್ಲಿ ನಾವು ಕೊಡುವುದೇನು? ಅಂಗಡಿಯಿಂದ ತಂದ ಬಣ್ಣದ ಬಾಟಲಿ. ಹೊಸ ವರ್ಷ, ಸಂಕ್ರಾಂತಿ, ಮಾಘದ ಮದುವೆ – ಎಲ್ಲಿ ನೋಡಿದರೂ ಇದೇ ಕಥೆ. ತೋಟದಲ್ಲಿ ತೆಂಗು, ಹಿತ್ತಲಲ್ಲಿ ನಿಂಬೆ. ಕಾಯಿ ಮಾರಿ ಬಂದ ದುಡ್ಡು ಮಾತ್ರ ಬಾಟಲಿಗೆ!

ಅತ್ತ ಪೇಟೆಯ ದೊಡ್ಡ ಹೋಟೆಲುಗಳಲ್ಲಿ ವರ್ಷದ ಕೊನೆಯ ಪಾರ್ಟಿಗೆ 'ದ್ವೀಪದ ಕಾಕ್‌ಟೇಲ್' ಎಂಬ ಪಾನೀಯಗಳಿವೆ. ಕಾಕ್‌ಟೇಲ್ ಅಂದರೆ ಮದ್ಯಕ್ಕೆ ಹಣ್ಣಿನ ರಸ, ಸಿಹಿ, ಹುಳಿ ಬೆರೆಸಿದ್ದು. ಹೆಸರು ದೊಡ್ಡದು. ಒಳಗಿರುವುದು ತೆಂಗು, ಅನಾನಸು, ನಿಂಬೆ, ಕಬ್ಬು. ಇದರಲ್ಲಿ ನಮಗೆ ಹೊಸದು ಯಾವುದು?

ಕಾಯಿಹಾಲಿಗೆ ಬೆಲೆ ತಂದವರು

ಈ ಪೈಕಿ ಹೆಸರುವಾಸಿಯಾದದ್ದು 'ಪಿನ್ಯಾ ಕೊಲಾಡ'. ಸ್ಪ್ಯಾನಿಷ್ ಭಾಷೆಯಲ್ಲಿ ಹೀಗೆಂದರೆ ಸೋಸಿದ ಅನಾನಸು ಅಷ್ಟೆ. ಊರು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪ. ಅನಾನಸು ರಸ, ಕಾಯಿಹಾಲಿನ ಕೆನೆ, ರಮ್ – ಇವು ಮೂರರ ಮಿಶ್ರಣ. ರಮ್ ಕೂಡ ಕಬ್ಬಿನದೇ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಇಳಿಸುವುದು.

ಕೃಷಿಕರಾದ ನಾವು ಗಮನಿಸಬೇಕಾದದ್ದು ಕಾಯಿಹಾಲಿನ ಕಥೆ. ಕಾಯಿ ಒಡೆದು, ತುರಿದು, ಹಿಂಡುವುದು ಅಲ್ಲಿಯೂ ಕೈನೋವಿನ ಕೆಲಸವಾಗಿತ್ತು. ಪೋರ್ಟೊ ರಿಕೊ ವಿಶ್ವವಿದ್ಯಾಲಯದ ಕೃಷಿ ಪ್ರಾಧ್ಯಾಪಕ ರಾಮೋನ್ ಲೋಪೆಸ್ ಇರಿಸಾರಿ 1940ರ ದಶಕದ ಕೊನೆಯಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಕಾಯಿಹಾಲಿನ ಕೆನೆಗೆ ಕಬ್ಬಿನ ಸಕ್ಕರೆ ಸೇರಿಸಿ, ಕೆಡದಂತೆ ಡಬ್ಬಿಗೆ ತುಂಬಿದರು. 'ಕೋಕೊ ಲೋಪೆಸ್' ಹೆಸರಿನ ಆ ಡಬ್ಬಿ ಬಂದ ಮೇಲೆ ಹೋಟೆಲಿನವರಿಗೆ ಕೆಲಸ ಹಗುರ. 1954ರಲ್ಲಿ ಕರೀಬೆ ಹಿಲ್ಟನ್ ಹೋಟೆಲಿನಲ್ಲಿ ಪಿನ್ಯಾ ಕೊಲಾಡ ಹುಟ್ಟಿತು ಎಂದು ಆ ಹೋಟೆಲಿನವರು ಹೇಳಿಕೊಳ್ಳುತ್ತಾರೆ. 1978ರಲ್ಲಿ ಅದು ದ್ವೀಪದ ಅಧಿಕೃತ ಪಾನೀಯವೇ ಆಯಿತು.

ಕಾಯಿ ಅದೇ. ಹಿಂಡುವ ಕಷ್ಟ ತಪ್ಪಿಸಿದ್ದಕ್ಕೆ ಬೆಲೆ ಬಂತು.

ಐದರಲ್ಲಿ ಒಂದು ಬಿಟ್ಟರೆ ಪಾನಕ

ಇನ್ನೊಂದು ತಮಾಷೆ. ಆ ದ್ವೀಪಗಳ ಹಳೆಯ ಪಾನೀಯ 'ರಮ್ ಪಂಚ್'. ಈ ಪಂಚ್ ಅನ್ನುವ ಮಾತು ಭಾರತದ ಪಂಚ, ಅಂದರೆ ಐದರಿಂದ ಹೋದದ್ದು ಎಂಬುದು ಸಾಮಾನ್ಯ ಅಭಿಪ್ರಾಯ. 17ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷರು ಇಲ್ಲಿ ರೂಢಿ ಮಾಡಿಕೊಂಡದ್ದು – ಸಾರಾಯಿ, ಸಿಹಿ, ನಿಂಬೆ, ನೀರು, ಮಸಾಲೆ. ಕೆರಿಬಿಯನ್ ದ್ವೀಪಗಳಲ್ಲಿ ಸಾರಾಯಿಯ ಜಾಗಕ್ಕೆ ರಮ್ ಬಂತು.

ಐದರಲ್ಲಿ ಮೊದಲನೆಯದನ್ನು ಬಿಡಿ. ಉಳಿದ ನಾಲ್ಕು ಏನು? ನಮ್ಮ ಪಾನಕವೇ ಅಲ್ಲವೇ! ಹಾಗಾಗಿ ಮದ್ಯ ಇಲ್ಲದೆ ದ್ವೀಪದ ರುಚಿ ಮಾಡುವುದು ನಮಗೆ ನಕಲೇನೂ ಅಲ್ಲ.

ಮೂರು ಬಗೆ, ಹತ್ತು ಜನಕ್ಕೆ

ಒಂದೊಂದೂ ಸುಮಾರು ಒಂದೂವರೆ ಲೀಟರ್ ಆಗುತ್ತದೆ. ತಲೆಗೊಂದು 150 ಮಿ.ಲೀ. ಲೋಟ.

ಬಿಸಿ ಪಾನಕ: ಒಂದೂವರೆ ಲೀಟರ್ ನೀರಿಗೆ 150 ಗ್ರಾಂ ಬೆಲ್ಲ ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಒಂದು ಚಮಚ ಶುಂಠಿಪುಡಿ, ಕುಟ್ಟಿದ ಹತ್ತು ಮೆಣಸಿನಕಾಳು, ನಾಲ್ಕು ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ಎರಡು ನಿಮಿಷ ಕುದಿಸಿ. ಕೆಳಗಿಳಿಸಿ, ಕುಡಿಯುವ ಬಿಸಿಗೆ ಬಂದ ಮೇಲೆ ಮೂರು ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ರುಚಿ ಕೆಡುತ್ತದೆ.

ಅನಾನಸು-ಕಾಯಿಹಾಲು: ಮದ್ಯವಿಲ್ಲದ ಪಿನ್ಯಾ ಕೊಲಾಡ ಅನ್ನಿ. ಮಧ್ಯಮ ಗಾತ್ರದ ಒಂದು ಅನಾನಸು ಹೆಚ್ಚಿ, 100 ಗ್ರಾಂ ಬೆಲ್ಲ, ಸ್ವಲ್ಪ ನೀರಿನೊಂದಿಗೆ ಐದು ನಿಮಿಷ ಕುದಿಸಿ. ಆರಿದ ಮೇಲೆ ರುಬ್ಬಿ ಸೋಸಿ. ಬಲಿತ ಒಂದು ಕಾಯಿ ತುರಿದು, ಒಂದು ಲೋಟ ಉಗುರುಬೆಚ್ಚನೆ ನೀರಿನಲ್ಲಿ ರುಬ್ಬಿ ಹಿಂಡಿ. ಅದೇ ಚರಟಕ್ಕೆ ಇನ್ನೊಂದು ಲೋಟ ನೀರು ಹಾಕಿ ಮತ್ತೆ ಹಿಂಡಿ. ಕುಡಿಯುವ ಹೊತ್ತಿಗೆ ಎರಡನ್ನೂ ಬೆರೆಸಿ, ಕಾಯಿಸಿ ಆರಿಸಿದ ನೀರಿನಿಂದ ಅಳತೆ ತುಂಬಿಸಿ. ಹಸಿ ಅನಾನಸಿನಲ್ಲಿ ಸಸಾರಜನಕ ಒಡೆಯುವ ಕಿಣ್ವವಿದೆ. ನಾಲಿಗೆ ಚುರುಗುಟ್ಟುವುದು, ಹಸುವಿನ ಹಾಲಿಗೆ ಹಾಕಿದರೆ ಕಹಿಯಾಗುವುದು ಅದರಿಂದಲೇ. ಕುದಿಸಿದರೆ ಆ ಕಾಟವಿಲ್ಲ.

ಎಳನೀರು-ನಿಂಬೆ: ಐದು ಎಳನೀರು, ಎರಡು ನಿಂಬೆಹಣ್ಣು, ಒಂದು ಚಮಚ ಹಸಿಶುಂಠಿ ರಸ, ಬೇಕಿದ್ದರೆ ಜೇನು. ಎಳನೀರಿನ ಗಂಜಿಯನ್ನು ರುಬ್ಬಿ ಸೇರಿಸಿದರೆ ಒಳ್ಳೆಯ ಮಂದ ಬರುತ್ತದೆ. ಕೆತ್ತಿದ ಎಳನೀರು ಕಾಯಿಸಬೇಡಿ, ಕಾಯಿಸಿಯೂ ಇಡಬೇಡಿ. ಆಗಲೇ ಮಾಡಿ ಆಗಲೇ ಕುಡಿಯಬೇಕು.

ಚಳಿಗಾಲದ ಎಚ್ಚರ

ಚಳಿಯ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ? ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಕಾಯಿಹಾಲಿನ ಜಿಡ್ಡೂ ಅದೇ ಜಾತಿ. ತಣ್ಣೀರು, ಐಸು ಹಾಕಿದರೆ ಮೇಲೆ ಬಿಳಿ ಗಂಟು ತೇಲುತ್ತದೆ. ಉಗುರುಬೆಚ್ಚಗೇ ಕೊಡಿ. ಚಳಿಗೆ ಅದೇ ಹಿತ.

ಚಳಿ ಇದೆಯೆಂದು ಕಾಯಿಹಾಲು ಹೊತ್ತುಗಟ್ಟಲೆ ಇಡಬೇಡಿ, ಹುಳಿಯಾಗುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆ ಹುಳಿ ಪದಾರ್ಥಕ್ಕೆ ಬೇಡ, ಸ್ಟೀಲು ವಾಸಿ. ಜನ ಸೇರುವ ಕಡೆ ನೀರು ಕುದಿಸಿಯೇ ಬಳಸಿ.

ಲೆಕ್ಕ ಹಾಕಿ ನೋಡಿ

ನೂರು ಜನರ ಸಮಾರಂಭಕ್ಕೆ ಅನಾನಸು-ಕಾಯಿಹಾಲು 15 ಲೀಟರ್ ಬೇಕು. ಅಂದರೆ ಹತ್ತು ಕಾಯಿ, ಹತ್ತು ಅನಾನಸು, ಒಂದು ಕಿಲೊ ಬೆಲ್ಲ. ಪಾನಕವಾದರೆ ಒಂದೂವರೆ ಕಿಲೊ ಬೆಲ್ಲ, ಮೂವತ್ತು ನಿಂಬೆಹಣ್ಣು. ನಿಮ್ಮೂರಿನ ಇವತ್ತಿನ ಧಾರಣೆ ಹಾಕಿ, ಪಕ್ಕದಲ್ಲಿ 15 ಲೀಟರ್ ಬಾಟಲಿ ಪಾನೀಯದ ಬೆಲೆ ಬರೆಯಿರಿ. ಅನಾನಸು ಹೊರಗಿನಿಂದ, ಬನವಾಸಿ ಕಡೆಯಿಂದ ಬಂದರೂ ಕೊಟ್ಟ ದುಡ್ಡು ಇನ್ನೊಬ್ಬ ರೈತನಿಗೇ ಹೋಗುತ್ತದೆ.

ಒಂದು ತೊಡಕಿದೆ. ಹತ್ತು ಕಾಯಿ ತುರಿಯುವವರು ಯಾರು? ಸಮಾರಂಭದ ದಿನ ಅಡುಗೆಮನೆಯಲ್ಲಿ ಮೊದಲೇ ಕೈ ಸಾಲದು. ಹೆಂಗಸರ ಮೇಲೆ ಇನ್ನೊಂದು ಹೊರೆ ಹೊರಿಸಿ ಉಳಿತಾಯ ಆಯಿತು ಅನ್ನುವುದು ಸರಿಯಲ್ಲ. ಊರಿನ ಸ್ತ್ರೀಶಕ್ತಿ ಸಂಘವೋ ಹಾಲಿನ ಸಂಘವೋ ಕರೆಂಟಿನ ಒಂದು ಕಾಯಿತುರಿ ಯಂತ್ರ ಇಟ್ಟುಕೊಂಡು ಬಾಡಿಗೆಗೆ ಕೊಡಬಹುದು. ಒಂದು ಹೆಜ್ಜೆ ಮುಂದೆ ಹೋಗಿ, ಮದುವೆಗಳಿಗೆ ಪಾನೀಯ ಮಾಡಿಕೊಡುವ ಕೆಲಸವನ್ನೇ ಹಿಡಿಯಬಹುದು. ನೀರಾ ಇಳಿಸಲು ಅಬಕಾರಿ ಪರವಾನಗಿ ಬೇಕು, ಇದಕ್ಕೆ ಅದು ಬೇಡ. ಮಾರುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಿ.

ಮೊದಲು ಈ ಚಳಿಯಲ್ಲಿ ಮನೆಯ ಹತ್ತು ಜನಕ್ಕೆ ಮಾಡಿ ನೋಡಿ. ಸಿಹಿ ಹೆಚ್ಚು-ಕಡಿಮೆ ನಿಮ್ಮ ನಾಲಿಗೆ ಹೇಳಿದಂತೆ. ಮಕ್ಕಳು ಎರಡನೇ ಲೋಟ ಕೇಳಿದರೆ ಮುಂದಿನ ಸಮಾರಂಭಕ್ಕೆ ಬಾಟಲಿ ತರಿಸಬೇಕೋ ಬೇಡವೋ ನೀವೇ ತೀರ್ಮಾನಿಸಿ.