ಕಲ್ಪನೆಯ ಹಡಗಿಗೆ ಧ್ವನಿ ಕಟ್ಟಿದವರು

ಜಾತ್ರೆಗಳಲ್ಲಿ ಕಂಪನಿ ನಾಟಕ ನೋಡುತ್ತ ಬೆಳೆದ ರೋಣ, ನರಗುಂದ, ಗಜೇಂದ್ರಗಡದ ಜನಕ್ಕೆ ರಂಗದ ಗುಡುಗು ಎಲ್ಲಿ ಹುಟ್ಟುತ್ತದೆ ಎಂಬುದು ಗೊತ್ತು. ಪರದೆಯ ಮರೆಯಲ್ಲಿ ಒಬ್ಬ ತಗಡಿನ ಹಾಳೆಯನ್ನು ತೂಗುಹಾಕಿ ಅಲುಗಿಸುತ್ತಾನೆ. ಮಳೆ ಬೇಕಾದರೆ ಮೊರದಲ್ಲಿ ಕಡಲೆ ಹೊರಳಿಸುತ್ತಾನೆ. ತೆಂಗಿನ ಎರಡು ಪರಟಿ ಕೈಗೆ ಸಿಕ್ಕರೆ ಕುದುರೆಯ ಸವಾರ ಬಂದೇ ಬಿಟ್ಟ! ನಮ್ಮ ಹೈಸ್ಕೂಲಿನ ಸ್ನೇಹ ಸಮ್ಮೇಳನದಲ್ಲಿ ಒಮ್ಮೆ ಈ ತಗಡು ಹುಡುಗರ ಕೈಯಿಂದ ಜಾರಿ, ದ್ರೌಪದಿ ಅಳುವ ಹೊತ್ತಿಗೆ ಸರಿಯಾಗಿ ನೆಲಕ್ಕೆ ಬಿದ್ದಿತು. ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನ ಒಂದು ಮಗು ಮಾತ್ರ ಸಿಡಿಲೇ ಬಿದ್ದಿತೆಂದು ತಾಯಿಯನ್ನು ಅಪ್ಪಿಕೊಂಡಿತು.

ಗುಡುಗು, ಮಳೆ, ಕುದುರೆಗಳ ಸದ್ದನ್ನು ನೀವು ಮೊದಲೇ ಕೇಳಿದ್ದೀರಿ. ಆದುದರಿಂದ ಸುಳ್ಳು ಸದ್ದನ್ನೂ ನಂಬುತ್ತೀರಿ. ಭೂಮಿಯ ಮೇಲೆ ಯಾರೂ ಕೇಳದ ಸದ್ದನ್ನು ಮಾಡಿ ನಂಬಿಸುವುದು ಹೇಗೆ? ಕಾಲವನ್ನೇ ದಾಟಿ ಹೋಗುವ ಒಂದು ಹಡಗು ಹೊರಟಿತೆನ್ನಿ, ಅದು ಹೇಗೆ ಕೂಗೀತು? 1963ರಲ್ಲಿ ಲಂಡನ್ನಿನ ಬಿ.ಬಿ.ಸಿ.ಯ ಕೆಲವರ ಮುಂದೆ ಈ ಪ್ರಶ್ನೆ ಬಂದಿತು. ಶನಿವಾರ ಸಂಜೆ ಮನೆಮಂದಿಯೆಲ್ಲ ಕುಳಿತು ನೋಡಲೆಂದು ಅವರು ಸಿದ್ಧಪಡಿಸುತ್ತಿದ್ದ ವಿಜ್ಞಾನ ಕಥಾಮಾಲೆಯ ಹೆಸರು ‘ಡಾಕ್ಟರ್ ಹೂ’. ಟೆಲಿವಿಷನ್ನಿನ ಸಂಗತಿ ಬಾನುಲಿಯ ಪತ್ರಿಕೆಗೇಕೆ ಎಂದು ಕೇಳಬೇಡಿರಿ. ಅದರ ಅರ್ಧ ಜೀವ ಬಾನುಲಿಯ ಮನೆಯಿಂದಲೇ ಹೋದದ್ದು.

ಮೊದಲ ಕಂತಿನ ಕಥೆ ಇಷ್ಟು. ಲಂಡನ್ನಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕ, ಇತಿಹಾಸ ಕಲಿಸುವ ಶಿಕ್ಷಕಿ ಇಬ್ಬರೂ ತಮಗಿಂತ ಹೆಚ್ಚು ತಿಳಿದಿರುವ ಒಬ್ಬ ವಿದ್ಯಾರ್ಥಿನಿಯ ಬೆನ್ನು ಹತ್ತಿ ಹೋಗುತ್ತಾರೆ. (ಅಂಥ ವಿದ್ಯಾರ್ಥಿಗಳು ನನಗೂ ಸಿಕ್ಕಿದ್ದಾರೆ; ನಾನು ಬೆನ್ನು ಹತ್ತಲಿಲ್ಲ.) ಹಳೆಯ ಸಾಮಾನು ರಾಶಿ ಹಾಕಿದ ಅಂಗಳವೊಂದರಲ್ಲಿ ನೀಲಿ ಬಣ್ಣದ ಒಂದು ಗೂಡು ನಿಂತಿದೆ. ಪೊಲೀಸರಿಗೆ ಟೆಲಿಫೋನ್ ಮಾಡಲೆಂದು ಆಗ ಅಲ್ಲಿಯ ಬೀದಿಗಳಲ್ಲಿ ನಿಲ್ಲಿಸುತ್ತಿದ್ದ ಗೂಡು ಅದು. ಬಾಗಿಲು ದಾಟಿದರೆ ಒಳಗೆ ವಿಶಾಲವಾದ ಹಡಗು, ಅದರೊಡೆಯನಾಗಿ ಹುಡುಗಿಯ ಅಜ್ಜ. ಹೋದ ಹೋದ ಊರಿಗೆ ತಕ್ಕಂತೆ ಈ ಹಡಗು ರೂಪ ಬದಲಿಸಬೇಕು. ಆದರೆ ಪ್ರತಿ ಕಥೆಗೂ ಹೊಸ ರೂಪ ಕಟ್ಟಿಸುವಷ್ಟು ಹಣ ಎಲ್ಲಿಯದು? ಯಂತ್ರ ಕೆಟ್ಟು ಅದೇ ರೂಪದಲ್ಲಿ ಸಿಕ್ಕಿಕೊಂಡಿದೆ ಎಂದುಬಿಟ್ಟರು. ಕಿಸೆಯ ಕೊರತೆ ಕಥೆಯ ಸ್ವಾರಸ್ಯವಾಯಿತು.

ಈ ಕಂತನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ 1938ರಲ್ಲಿ ಹುಟ್ಟಿದವರು. ಅವರ ತಾಯಿ, ಕಾದಂಬರಿಗಾರ್ತಿ ಅತಿಯಾ ಹುಸೇನ್, ಬಿ.ಬಿ.ಸಿ.ಯ ಪೂರ್ವ ದೇಶಗಳ ಬಾನುಲಿ ವಿಭಾಗದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ನಿರ್ದೇಶಕನಿಗೆ 24 ವರ್ಷ, ನಿರ್ಮಾಪಕಿಗೆ 27. ಒಬ್ಬ ಭಾರತೀಯ ಹುಡುಗ, ಒಬ್ಬ ತರುಣಿ. ಸುತ್ತಲಿನ ಹಿರಿಯರು ಇವರನ್ನು ಯಾವ ಕಣ್ಣಿನಿಂದ ನೋಡಿರಬಹುದೆಂದು ನೀವೇ ಊಹಿಸಿರಿ. ದೊರೆತದ್ದು ಲೈಮ್ ಗ್ರೋವ್ ಎಂಬಲ್ಲಿಯ ಹಳೆಯ, ಇಕ್ಕಟ್ಟಾದ ಸ್ಟುಡಿಯೋ. ಆಗ ವಿಡಿಯೋ ಟೇಪನ್ನು ಕತ್ತರಿಸಿ ಜೋಡಿಸುವುದು ಬಲು ತೊಡಕಿನ, ವೆಚ್ಚದ ಕೆಲಸವಾದ್ದರಿಂದ ಕಂಪನಿ ನಾಟಕದಂತೆಯೇ ಬಹುಮಟ್ಟಿಗೆ ಒಂದೇ ಓಟದಲ್ಲಿ ಆಡಬೇಕು. ಸೆಪ್ಟೆಂಬರ್ 27ರಂದು ಆಡಿದರು. ಹಡಗಿನ ಬಾಗಿಲು ಮುಚ್ಚಲೊಲ್ಲದು. ಅದು ಬಡಿದುಕೊಳ್ಳುವ ಸದ್ದು ಮಾತಿನ ನಡುವೆ ಕೇಳುತ್ತದೆ. ಡಾಕ್ಟರನ ಪಾತ್ರವೂ ತೀರ ಕಟುವಾಗಿತ್ತು. ನೋಡಿದ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಪೂರ್ತಿಯಾಗಿ ಮತ್ತೊಮ್ಮೆ ಮಾಡಿರಿ ಎಂದರು. ಮನೆಗೆ ಹೋಗಿರಿ ಎನ್ನಲಿಲ್ಲ, ಅದು ದೊಡ್ಡದು. ಅಕ್ಟೋಬರ್ 18ರಂದು ಮತ್ತೆ ಆಡಿದ್ದೇ ಪ್ರಸಾರವಾದ ಕಂತು.

ಇನ್ನು ಸದ್ದಿನ ಮಾತು. ಬಾನುಲಿ ನಾಟಕಗಳಿಗೆ ಹೊಸ ಬಗೆಯ ಧ್ವನಿಗಳನ್ನು ಒದಗಿಸಲೆಂದು ಬಿ.ಬಿ.ಸಿ. 1958ರಲ್ಲಿ ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ಧ್ವನಿಶಾಲೆಯನ್ನು ತೆರೆದಿತ್ತು. ಹಡಗಿನ ಕೂಗು ಅಲ್ಲಿಯ ಬ್ರಯನ್ ಹಾಜ್‌ಸನ್ ಅವರ ಪಾಲಿಗೆ ಬಂದಿತು. ಅವರು ಒಂದು ಹಾಳು ಪಿಯಾನೋದ ದಪ್ಪ ತಂತಿಯ ಮೇಲೆ ತಮ್ಮ ತಾಯಿಯ ಮನೆಯ ಕೀಲಿಕೈಯನ್ನು ಉದ್ದಕ್ಕೂ ಉಜ್ಜಿದರು. ದಪ್ಪ ತಂತಿಗೆ ಮೇಲೊಂದು ತಂತಿ ಸುತ್ತಿರುತ್ತದೆ. ಕೀಲಿಕೈ ಆ ಸುರುಳಿಗಳ ಮೇಲೆ ಗರಗರನೆ ಹಾಯುತ್ತದೆ. ಅದನ್ನು ಟೇಪಿನಲ್ಲಿ ಹಿಡಿದು, ತಿರುಗುಮುರುಗಾಗಿ ಓಡಿಸಿ, ಪ್ರತಿಧ್ವನಿ ಕೂಡಿಸಿದರು. ಎಲ್ಲಿಂದಲೋ ಏದುಸಿರು ಬಿಡುತ್ತ ಎದ್ದು ಹೋಗುವ ಒಂದು ಹಡಗು ಕಿವಿಗೆ ಕಟ್ಟಿತು. ಅದ್ಭುತ ರಸಕ್ಕೆ ವಿಸ್ಮಯವೇ ಸ್ಥಾಯಿಭಾವವೆಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಅದು ಕೀಲಿಕೈಯಿಂದಲೂ ಹುಟ್ಟೀತೆಂದು ಹೇಳಿರಲಿಲ್ಲ.

ಶೀರ್ಷಿಕೆಯ ಸಂಗೀತ ಇನ್ನೂ ಕಠಿಣ. ರಾನ್ ಗ್ರೇನರ್ ಎಂಬುವರು ಸ್ವರಲಿಪಿ ಬರೆದುಕೊಟ್ಟರು. ಅದನ್ನು ಧ್ವನಿಯಾಗಿಸಿದವರು ಕೇಂಬ್ರಿಜ್‌ನಲ್ಲಿ ಗಣಿತ, ಸಂಗೀತ ಎರಡನ್ನೂ ಓದಿದ ಡೀಲಿಯಾ ಡರ್ಬಿಶೈರ್. ಡಿಕ್ ಮಿಲ್ಸ್ ಎಂಬುವರು ನೆರವಾದರು. ಇಂದಿನಂತೆ ಕೀಲಿಮಣೆ ಒತ್ತಿದರೆ ಬೇಕಾದ ನಾದ ಕೊಡುವ ವಾದ್ಯ ಅವರ ಬಳಿ ಇರಲಿಲ್ಲ. ಒಂದು ತಂತಿಯನ್ನು ಮೀಟಿ ಹಿಡಿದ ನಾದ, ವಿದ್ಯುತ್ ಉಪಕರಣಗಳ ಶುದ್ಧ ನಾದ, ಸ್ಟೇಷನ್ ಸಿಗದಾಗ ನಿಮ್ಮ ರೇಡಿಯೋ ಸುಯ್ಯೆನ್ನುವಂಥ ಸದ್ದು, ಇಷ್ಟೇ ಬಂಡವಾಳ. ಟೇಪನ್ನು ಇಮ್ಮಡಿ ವೇಗದಲ್ಲಿ ಓಡಿಸಿದರೆ ಸ್ವರ ಮೇಲಿನ ಸಪ್ತಕಕ್ಕೆ ಏರುತ್ತದೆ, ಅರ್ಧ ವೇಗಕ್ಕೆ ಕೆಳಗಿಳಿಯುತ್ತದೆ. ಭೀಮಸೇನ ಜೋಶಿಯವರನ್ನು ನಮ್ಮವರೆನ್ನುವ ರೋಣದವರಿಗೆ ಸಪ್ತಕವೆಂದರೇನೆಂದು ನಾನು ಹೇಳಬೇಕಿಲ್ಲ. ಹೀಗೆ ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಪಡೆದು, ಅಳೆದು, ಬ್ಲೇಡಿನಿಂದ ಕತ್ತರಿಸಿ, ಒಂದರ ಮುಂದೊಂದು ಅಂಟಿಸಬೇಕು. ಲೆಕ್ಕ ನೋಡಿರಿ: ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರವೆಂದರೆ ಏಳೂವರೆ ಅಂಗುಲದ ತುಂಡು. ಅಂಗುಲ ತಪ್ಪಿದರೆ ತಾಳ ತಪ್ಪಿತು. ಮಂದ್ರದ ಸ್ವರಗಳಿಗೆ ಒಂದು ಟೇಪು, ರಾಗಕ್ಕೆ ಒಂದು, ಸುಯ್ಲಿಗೆ ಒಂದು. ಎಲ್ಲವನ್ನೂ ಒಟ್ಟಿಗೆ ಓಡಿಸಿ ಒಂದಾಗಿಸಬೇಕು. ನಡುವೆ ಎಲ್ಲೋ ಒಂದು ತುಂಡು ತಪ್ಪಿ ಸೇರಿದಾಗ, ಟೇಪುಗಳನ್ನು ಕಟ್ಟಡದ ಉದ್ದನೆಯ ಓಣಿಯಲ್ಲಿ ಬಿಚ್ಚಿ ಹಾಸಿ ತಪ್ಪಿದ ಬೆಸುಗೆಯನ್ನು ಹುಡುಕಿದರಂತೆ. ಇಳಕಲ್ಲಿನ ಸೀರೆಗೆ ಹಾಸು ಸರಿಮಾಡುವ ನೇಕಾರರನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ.

ಈ ಸಂಗೀತದೊಡನೆ ತೆರೆಯ ಮೇಲೆ ಕಾಣುವ ಬೆಳಕಿನ ಸುಳಿಯೂ ಅಂಥದೇ ಉಪಾಯ. ಕ್ಯಾಮರಾ ತಾನು ತೋರಿಸುತ್ತಿರುವ ಚಿತ್ರದ ಪರದೆಯನ್ನೇ ನೋಡುವಂತೆ ತಿರುಗಿಸಿ ಬಿಟ್ಟರು. ಕ್ಷೌರದ ಅಂಗಡಿಯಲ್ಲಿ ಎದುರುಬದುರಾದ ಎರಡು ಕನ್ನಡಿಗಳ ನಡುವೆ ಕುಳಿತು ನಿಮ್ಮ ತಲೆಯನ್ನು ನೂರಾಗಿ ಕಂಡಿದ್ದೀರಲ್ಲ, ಅದೇ ತತ್ತ್ವ.

1963ರ ನವೆಂಬರ್ 23, ಶನಿವಾರ ಕಂತು ಪ್ರಸಾರವಾಯಿತು. ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಕೊಲೆಯಾಗಿತ್ತು. ಆ ಸುದ್ದಿಯ ನಡುವೆ ಮುದುಕನ ಹಡಗನ್ನು ಯಾರು ಗಮನಿಸಿಯಾರು? ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಮೊದಲನೆಯದನ್ನೇ ಮತ್ತೆ ತೋರಿಸಿದರು. ಆಮೇಲೆ ಅದು ದಶಕಗಳ ಕಾಲ ನಡೆಯಿತು. ನಟರು ಬದಲಾದರೂ ಕೀಲಿಕೈಯ ಕೂಗು ಉಳಿಯಿತು.

ತಮ್ಮ ಸ್ವರಲಿಪಿ ಇಂಥ ನಾದವಾದುದನ್ನು ಕೇಳಿ ಬೆರಗಾದ ಗ್ರೇನರ್ ಡರ್ಬಿಶೈರ್ ಅವರಿಗೂ ರಚನೆಯಲ್ಲಿ ಪಾಲು ಸಲ್ಲಬೇಕೆಂದರು. ಆದರೆ ಧ್ವನಿಶಾಲೆಯವರ ಹೆಸರನ್ನು ಬೇರೆಯಾಗಿ ಹೇಳುವ ಪದ್ಧತಿ ಅಂದು ಅಲ್ಲಿರಲಿಲ್ಲ. ತೆರೆಯ ಮೇಲೆ ಆ ಸಂಗೀತದೊಡನೆ ಆಕೆಯ ಹೆಸರು ಕಾಣಿಸಿದ್ದು 2013ರಲ್ಲಿ, ಕಥಾಮಾಲೆಗೆ 50 ವರ್ಷ ತುಂಬಿದ ವಿಶೇಷ ಕಂತಿನಲ್ಲಿ. ಡರ್ಬಿಶೈರ್ 2001ರಲ್ಲಿಯೇ ತೀರಿಕೊಂಡಿದ್ದರು.