ಹೋರಿಯ ಹೆಸರಲ್ಲೊಂದು ಕ್ಲಬ್

ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಐರಣಿಯಿಂದ ಮೆಣಸಿನಕಾಯಿಯ ಬ್ಯಾಡಗಿಯವರೆಗಿನ ಹಳ್ಳಿಗಳಲ್ಲಿ ಫುಟ್‌ಬಾಲ್ ಕ್ಲಬ್ ಸಿಗುವುದು ಕಷ್ಟ. ಆದರೆ ಗೋವಾ ಅಥವಾ ಕೇರಳದ ಹಳ್ಳಿಯಲ್ಲಿ ಅಂಥ ಕ್ಲಬ್ಬು ಮಾಡುವುದನ್ನೆಲ್ಲ ಮಾಡುವ ಬಳಗಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಬಳಗಕ್ಕೊಂದು ಹೆಸರು, ಬೆನ್ನ ಮೇಲೆ ಆ ಹೆಸರು ಅಚ್ಚಾದ ಟೀ ಶರ್ಟು, ವಂತಿಗೆ, ಪರವೂರಿಗೆ ಹೋಗಲು ಗಾಡಿ, ಗೆದ್ದು ಬಂದರೆ ಮೆರವಣಿಗೆ. ಇಲ್ಲಿ ಕಣಕ್ಕಿಳಿಯುವುದು ಮಾತ್ರ ಒಂದು ಹೋರಿ. ಓಡುವ ಹೋರಿಯನ್ನು ಹಿಡಿಯುವ ಈ ಹೋರಿ ಹಬ್ಬವನ್ನು ಪರಂಪರೆಯೆಂದು ಹೊಗಳುವವರಿದ್ದಾರೆ, ಕ್ರೌರ್ಯವೆಂದು ತೆಗಳುವವರೂ ಇದ್ದಾರೆ. ಈ ಇಬ್ಬರ ಜಗಳದಲ್ಲಿ ಹೋರಿಯ ಹಿಂದೆ ನಿಂತ ಅಭಿಮಾನಿ ಬಳಗ ಯಾರ ಕಣ್ಣಿಗೂ ಬಿದ್ದಿಲ್ಲ. ಅದನ್ನು ಊರಿನ ಕ್ರೀಡಾ ಸಂಘವೆಂದೇ ಒಪ್ಪಿಕೊಳ್ಳಬೇಕು, ಕ್ರೀಡಾ ಸಂಘಕ್ಕಿರುವ ಹೊಣೆಯನ್ನೂ ಅದರ ಹೆಗಲಿಗೆ ಹಾಕಬೇಕು ಎಂಬುದು ನನ್ನ ವಾದ.

ಈ ಆಟದ ಹುಟ್ಟಿಗೆ ಇಸವಿ ಹೇಳಲಾಗದು. ದೀಪಾವಳಿಯ ಬಲಿಪಾಡ್ಯದಂದು ದನಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಪೂಜೆ ಮಾಡಿ, ಊರ ಬೀದಿಯಲ್ಲಿ ಓಡಿಸುವ ಪದ್ಧತಿಯೇ ಇದರ ಬೇರು. ದನ ಬೆದರಿಸುವುದು ಎಂಬ ಹಳೆಯ ಹೆಸರು ಈಗಲೂ ಬಳಕೆಯಲ್ಲಿದೆ. ಹಾವೇರಿ ಜಿಲ್ಲೆಯ ಊರುಗಳಲ್ಲಿ ತುರುಗಳನ್ನು ಕಾಯಲು ಹೋಗಿ ಸತ್ತವರ ವೀರಗಲ್ಲುಗಳು ಹೇರಳವಾಗಿವೆ. ಅವುಗಳಿಗೂ ಈ ಹಬ್ಬಕ್ಕೂ ನೇರ ನಂಟು ಕಟ್ಟುವುದು ಅವಸರದ ಮಾತಾದೀತು. ದನಕ್ಕಾಗಿ ಜೀವ ಕೊಟ್ಟವರನ್ನು ಕಲ್ಲಲ್ಲಿ ನಿಲ್ಲಿಸಿದ ಸೀಮೆ ಇದು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು. ಪಾಡ್ಯದ ಒಂದು ದಿನದ ಆಚರಣೆ ಈಗ ಚಳಿಗಾಲವಿಡೀ ಊರಿಂದೂರಿಗೆ ಸಾಗುವ ಪಂದ್ಯಮಾಲೆಯಾಗಿದೆ. ಹಾವೇರಿಯಾಚೆ ಶಿಕಾರಿಪುರ, ಸೊರಬ, ಹೊನ್ನಾಳಿ ಕಡೆಗೂ ಇದೇ ಹುಚ್ಚು.

ಆಟದ ಜೀವ ಇರುವುದು ಹೋರಿಯ ಕೊರಳಿನ ಕೊಬ್ಬರಿಯಲ್ಲಿ. ಒಣಕೊಬ್ಬರಿ ಬಟ್ಟಲುಗಳನ್ನು ಹುರಿಯಲ್ಲಿ ಪೋಣಿಸಿ ಕೊರಳಿಗೆ ಸಾಲುಸಾಲಾಗಿ ಬಿಗಿಯುತ್ತಾರೆ. ಹುರಿ ಸಡಿಲವಾದರೆ ಮೊದಲ ಕೈಗೇ ಕಿತ್ತು ಬರುತ್ತದೆ, ಬಿಗಿ ಹೆಚ್ಚಾದರೆ ಹೋರಿಗೆ ಉಸಿರು ಕಟ್ಟುತ್ತದೆ. ಆ ಅಳತೆ ತಿಳಿದ ಕೈ ಬಳಗದಲ್ಲಿ ಒಂದೋ ಎರಡೋ ಇರುತ್ತದೆ. ಬೆನ್ನಿಗೆ ಜೂಲ, ಕೋಡಿಗೆ ರಿಬ್ಬನ್ನು, ಕಾಲಿಗೆ ಗೆಜ್ಜೆ. ಪೀಪಿ ಹೋರಿಯಾದರೆ ಬಣ್ಣದ ಪೀಪಿ, ಬಲೂನುಗಳ ಎತ್ತರದ ಅಲಂಕಾರ ಬೇರೆ. ಅಖಾಡವೆಂದರೆ ಎರಡೂ ಕಡೆ ಜನ ಕಿಕ್ಕಿರಿದ ಉದ್ದನೆಯ ಓಣಿ. ಮೈಕಿನಲ್ಲಿ ಹೋರಿಯ ಹೆಸರು, ಊರು ಕೂಗುತ್ತಾರೆ. ಹಲಗೆ, ಸಿಳ್ಳೆ ಏರುತ್ತಿದ್ದಂತೆ ಹಗ್ಗ ಬಿಚ್ಚುತ್ತಾರೆ. ಹಿಡಿಯುವ ಹುಡುಗ ಎದುರಿಗೆ ಹೋಗುವುದಿಲ್ಲ, ಮಗ್ಗುಲಿಗೆ ಸರಿದು ಕೊರಳಿಗೆ ಜೋತು ಬೀಳುತ್ತಾನೆ. ಅನುಭವಸ್ಥ ಹೋರಿ ಜನರ ಗುಂಪನ್ನು ದೂರದಿಂದಲೇ ಅಳೆದು, ಸಂದು ಕಂಡ ಕಡೆ ತಲೆ ತಗ್ಗಿಸಿ ನುಗ್ಗುತ್ತದೆ. ಕೊಬ್ಬರಿ ಉಳಿಸಿಕೊಂಡು ದಾಟಿದರೆ ಹೋರಿ ಗೆದ್ದಿತು, ಹರಿದರೆ ಹಿಡಿದವನು ಗೆದ್ದ. ಎಲ್ಲ ಮುಗಿಯಲು ಕೆಲವೇ ಕ್ಷಣ ಸಾಕು. ಆಮೇಲೆ ಹೊಲಕ್ಕೆ ನುಗ್ಗಿದ ಹೋರಿಯನ್ನು ಹುಡುಕಿ, ಮೈದಡವಿ, ಮನೆಗೆ ಕರೆತರುವುದು ಬಳಗದ ಪಾಲಿನ ಕೆಲಸ.

ಈ ಕೆಲವು ಕ್ಷಣಗಳಿಗಾಗಿ ವರ್ಷವಿಡೀ ದುಡಿಮೆ. ಅಮೃತಮಹಲ್, ಹಳ್ಳಿಕಾರ್, ಖಿಲಾರಿ ತಳಿಯ ಹೋರಿಗೆ ಹುರುಳಿ, ಹತ್ತಿಕಾಳು, ಹಿಂಡಿ ಬೇಕು. ಕೆರೆಯಲ್ಲೋ ಹೊಳೆಯಲ್ಲೋ ಈಜಿಸಬೇಕು, ನಸುಕಿನಲ್ಲಿ ಓಡಿಸಬೇಕು. ಮಾಲೀಕ ಒಬ್ಬನೇ ಇದ್ದರೂ ಇಷ್ಟೆಲ್ಲ ಅವನೊಬ್ಬನ ಕೈಲಾಗದು, ಓಣಿಯ ಹುಡುಗರು ಹಂಚಿಕೊಳ್ಳುತ್ತಾರೆ. ಮೆಕ್ಕೆಜೋಳ ಮಾರಿದ ದುಡ್ಡು ಕೈಗೆ ಬರುವ ಕಾಲವೂ ಪಂದ್ಯದ ಕಾಲವೂ ಒಂದೇ ಆಗಿರುವುದರಿಂದ ವಂತಿಗೆ ಏಳುತ್ತದೆ. ಗೆದ್ದರೆ ಬೈಕು, ಫ್ರಿಡ್ಜು, ಬಂಗಾರ ಬರುವುದುಂಟು. ಆದರೂ ಸಾಕುವ ಖರ್ಚಿನ ಮುಂದೆ ಬಹುಮಾನ ಲಾಭವೆನಿಸುವುದು ಅಪರೂಪ. ಲಾಭವಿಲ್ಲದೆ ಹೆಸರಿಗಾಗಿ ಆಡುವವರನ್ನೇ ಹವ್ಯಾಸಿಗಳು ಎನ್ನುವುದು. ಆಟ ಹೆಸರಿಗಷ್ಟೇ ಅಲ್ಲ, ಅಭಿಮಾನಕ್ಕೂ ಹೌದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಬಂದ ದೀಪಾವಳಿಯಲ್ಲಿ ಅವರ ಭಾವಚಿತ್ರ ಹೊತ್ತ ಹೋರಿಗಳು ಅಖಾಡಕ್ಕಿಳಿದವು. ಹಳ್ಳಿಯ ಹುಡುಗರು ತಮ್ಮ ಪ್ರೀತಿ, ದುಃಖ ಹೇಳಿಕೊಳ್ಳುವ ವೇದಿಕೆಯೂ ಇದೇ.

ಪ್ರಾಣಿಗೆ ಹಿಂಸೆಯಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ತಡೆದದ್ದು ಇದೇ ಕಾರಣಕ್ಕೆ. ಕರ್ನಾಟಕ 2017ರಲ್ಲಿ ಕಾನೂನು ತಿದ್ದಿ ಕಂಬಳ, ಹೋರಿ ಓಟ, ಗಾಡಿ ಓಟಗಳಿಗೆ ಷರತ್ತಿನ ಮೇಲೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾನೂನು ಬೆಂಬಲಿಸಿತು ಎಂದ ಮಾತ್ರಕ್ಕೆ ಬಾಲ ತಿರುಚುವುದು, ಪಟಾಕಿ ಹಚ್ಚಿ ಬೆದರಿಸುವುದು ಸರಿಯಾಗುವುದಿಲ್ಲ. ಅದನ್ನು ತಡೆಯಬಲ್ಲವರು ವರ್ಷವಿಡೀ ಹೋರಿಯ ಮೈ ತೊಳೆದವರೇ. ಹಾಗೆಂದು ಆಟವನ್ನೇ ನಿಲ್ಲಿಸುವುದು ಪರಿಹಾರವಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಹೋರಿ ಸಾಕಲು ರೈತನಿಗೆ ಉಳಿದ ಕಾರಣಗಳು ಕಡಿಮೆ. ಈ ಆಟ ನಿಂತರೆ ಕೊಟ್ಟಿಗೆಗಳು ಇನ್ನಷ್ಟು ಬರಿದಾಗುತ್ತವೆ.

ಮನುಷ್ಯರ ಸಾವಿನ ಆಕ್ಷೇಪ ಇದಕ್ಕಿಂತ ಭಾರವಾದದ್ದು. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಸತ್ತವರಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೂ ಇದ್ದರು. ಅವರು ಕೊಬ್ಬರಿ ಹರಿಯಲು ಹೋದವರಲ್ಲ. ಆಟಗಾರನ ಅಪಾಯವನ್ನು ಶೌರ್ಯವೆಂದು ಸಮರ್ಥಿಸಬಹುದು, ದಾರಿಯಲ್ಲಿದ್ದವನ ಸಾವಿಗೆ ಆ ಸಮರ್ಥನೆ ಇಲ್ಲ. ಅಖಾಡ ಎಲ್ಲಿ ಮುಗಿಯುತ್ತದೆ ಎಂಬ ಗೆರೆಯೇ ಇಲ್ಲದಿರುವುದು ಇಲ್ಲಿಯ ದೊಡ್ಡ ದೋಷ. ಹೋರಿ ಹಬ್ಬದ ಬದಲು ಹುಡುಗರು ಫುಟ್‌ಬಾಲೋ ಕಬಡ್ಡಿಯೋ ಆಡಬಾರದೇ ಎನ್ನುವವರಿಗೆ, ಖಂಡಿತ ಆಡಲಿ, ಅದಕ್ಕೆ ಮೈದಾನ ಕೊಡಿ ಎನ್ನುತ್ತೇನೆ. ಆದರೆ ಹೊಸ ಮೈದಾನ ಕೊಟ್ಟ ಕೂಡಲೇ ಹಳೆಯ ಕೊಟ್ಟಿಗೆಯ ನಂಟು ಕಡಿದುಹೋಗುತ್ತದೆ ಎಂದು ನಂಬುವುದು ಈ ಸೀಮೆಯನ್ನು ಅರಿಯದವರ ಮಾತು.

ಆದ್ದರಿಂದ ಬಳಗಗಳು ಗ್ರಾಮ ಪಂಚಾಯಿತಿಯಲ್ಲಿ ಹೆಸರು ನೋಂದಾಯಿಸಲಿ, ಹೋರಿಗೂ ಹುಡುಗರಿಗೂ ವಿಮೆ ಮಾಡಿಸಲಿ. ಅಖಾಡದ ಇಕ್ಕೆಲಕ್ಕೂ ಗಟ್ಟಿ ಬೇಲಿ, ಓಟದ ಕೊನೆಯಲ್ಲಿ ಹೋರಿ ಹಿಡಿಯಲು ಬೇಲಿ ಹಾಕಿದ ಬಯಲು, ಪಶುವೈದ್ಯರು, ಆಂಬುಲೆನ್ಸು ಇಲ್ಲದೆ ಜಿಲ್ಲಾಡಳಿತ ಅನುಮತಿ ಕೊಡದಿರಲಿ. ಬಹುಮಾನಕ್ಕೆ ಬೈಕು ಕೊಡಿಸುವ ದಾನಿಗಳು ಮೊದಲು ಬೇಲಿಗೆ ಹಣ ಕೊಡಲಿ. ಇದೆಲ್ಲ ಮುಂದಿನ ಬಲಿಪಾಡ್ಯಕ್ಕೆ ಮುಂಚೆ ಆಗಬೇಕು.