ತೌರೂರಿನ ಕಡಲು

ಖುಲ್ತಾಬಾದಿನಲ್ಲಿ ಕುಳಿತು ಸುನಾಮಿಯ ಮಾತೆತ್ತಿದರೆ ಕೇಳಿದವರು ನಗುವುದು ಸಹಜ. ನಮ್ಮದು ಗುಡ್ಡದ ಮೇಲಿನ ಊರು. ಕಡಲನ್ನು ಕಾಣಬೇಕಾದರೆ ಒಂದು ರಾತ್ರಿಯ ಪ್ರಯಾಣ. ಕಛೇರಿಯಲ್ಲಿ ಪಕ್ಕದ ಮೇಜಿನವರೂ ನಕ್ಕರು. ಆದರೆ ಮೇ ತಿಂಗಳು ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಕಾರವಾರ, ಕುಮಟಾಗಳ ಕಡೆ ಹೊರಡುವವರು ನಮ್ಮಲ್ಲಿಲ್ಲವೆ? ನನ್ನ ಅತ್ತೆಯವರ ಮನೆಯಿರುವುದು ಹೊನ್ನಾವರದಲ್ಲಿ, ಕಡಲಿಗೆ ತೀರ ಹತ್ತಿರ.

2004ರ ಡಿಸೆಂಬರ್ 26ರಂದು ವೇಳಾಂಗಣಿಯಲ್ಲಿ ಮಡಿದವರಲ್ಲಿ ಅನೇಕರು ಯಾತ್ರೆಗೆಂದು ಬಂದಿದ್ದ ಪರಊರಿನವರು. ಅದೇ ದಿನ ಸುಮಾತ್ರದ ಬಳಿಯ ಸಿಮೆಲುವೆ ದ್ವೀಪದಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನರ ಪೈಕಿ ಸತ್ತವರು ಏಳೇ ಮಂದಿ. 1907ರ ಅನಾಹುತವನ್ನು ಅಲ್ಲಿಯ ಅಜ್ಜಿಯರು ಕಥೆಯಾಗಿ ಹೇಳುತ್ತ ಬಂದಿದ್ದರು: ನೆಲ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಿ, ಎಂದು.

ನಮ್ಮ ಪಶ್ಚಿಮ ತೀರಕ್ಕೆ ಇದೆಲ್ಲ ಸಂಬಂಧವಿಲ್ಲವೆಂದು ನಾನೂ ತಿಳಿದಿದ್ದೆ. 1945ರ ನವೆಂಬರ್ 28ರ ನಸುಕಿನಲ್ಲಿ ಬಲೂಚಿಸ್ತಾನದ ಮಕ್ರಾನ್ ತೀರದಲ್ಲಿ ಭೂಕಂಪವಾಯಿತು. ಬೆಳಿಗ್ಗೆ ಎಂಟರ ಸುಮಾರಿಗೆ ಅಲೆ ಮುಂಬಯಿಗೆ ಬಂದು ಕೆಲವರನ್ನು ಎಳೆದೊಯ್ದಿತು, ಕಾರವಾರದವರೆಗೂ ಮುಟ್ಟಿತು. ಅಷ್ಟು ದೂರದ ನಡುಕ ಹೊನ್ನಾವರದಲ್ಲಿ ನಮ್ಮ ಕಾಲಿಗೆ ತಿಳಿಯದೆಯೂ ಇರಬಹುದು. ಈಗ ಹೈದರಾಬಾದಿನಲ್ಲಿ 2007ರಿಂದ ಎಚ್ಚರಿಕೆಯ ಕೇಂದ್ರವಿದೆ, ಕಂಪನವಾದ ಕೆಲವೇ ನಿಮಿಷಗಳಲ್ಲಿ ಸುದ್ದಿ ಹೊರಡುತ್ತದೆ. ಮಕ್ರಾನಿನ ಅಲೆಯಾದರೆ ನಮಗೆ ಗಂಟೆಗಟ್ಟಲೆ ಬಿಡುವುಂಟು. ಸುದ್ದಿ ಬಂದಮೇಲೆ ಎತ್ತ ಹೋಗಬೇಕು? ಇದನ್ನು ಮಾತ್ರ ಹೈದರಾಬಾದಿನವರು ನಮ್ಮ ಮನೆಗೆ ಬಂದು ಹೇಳಲಾರರು.

ಹೋದ ರಜೆಯಲ್ಲಿ ಒಂದು ಸಂಜೆ ಮನೆಮಂದಿಯೆಲ್ಲ ಹಿಂದಿನ ಗುಡ್ಡದ ಶಾಲೆಯವರೆಗೆ ನಡೆದು ನೋಡಿದೆವು. ಮಕ್ಕಳಿಗೆ ಹದಿನೆಂಟು ನಿಮಿಷ ಹಿಡಿಯಿತು. ಮಂಡಿನೋವಿನ ಅತ್ತೆಯವರು ಅರ್ಧ ದಾರಿಯಲ್ಲೇ ಕಲ್ಲಿನ ಮೇಲೆ ಕುಳಿತು, "ಅಂಥ ದಿನ ಬಂದರೆ ನನ್ನ ಬಿಟ್ಟು ನೀವು ಹೋಗಿ, ಅಳಿಯಂದಿರೇ" ಎಂದರು. ನನ್ನವಳು ಅತ್ತುಬಿಟ್ಟಳು. ಹಾಗೆ ಬಿಟ್ಟುಹೋಗುವುದಕ್ಕಾಗುತ್ತದೆಯೇ? ಮನೆಗೆ ಯಾರನ್ನೋ ಕರೆತರಲು ಹಿಂದಿರುಗಿದವರನ್ನೇ ಎರಡನೆಯ ಅಲೆ ಕೊಂಡೊಯ್ಯುವುದುಂಟು. ಮೊದಲಿನದಕ್ಕಿಂತ ನಂತರದ ಅಲೆ ದೊಡ್ಡದಾಗಿರಬಹುದಂತೆ.

ಆ ರಾತ್ರಿಯೇ ನೆರೆಮನೆಯ ಮೀನುಗಾರ ತರುಣರೊಡನೆ ಮಾತಾಡಿದೆವು. ಮೊದಲು ಹೊರಡಬೇಕಾದವರು ಅತ್ತೆಯವರು, ಬೆತ್ತದ ಕುರ್ಚಿಯಲ್ಲಿ ಹೊತ್ತು. ಹೊರುವ ಇಬ್ಬರು ಯಾರೆಂದೂ ಗೊತ್ತಾಯಿತು. ಪೇಟೆಯಲ್ಲಿರುವವರು ಮನೆಗೆ ಬರಕೂಡದು, ನೆಟ್ಟಗೆ ಶಾಲೆಗೇ ಬರಬೇಕು. ಅಧಿಕಾರಿಗಳು ಹೇಳುವ ತನಕ ಯಾರೂ ಇಳಿಯಕೂಡದು.

ಮರುದಿನ ಕುರ್ಚಿಯನ್ನು ಪರೀಕ್ಷಿಸಲಾಯಿತು. ಅತ್ತೆಯವರು ಎಲೆಯಡಿಕೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತರು.